ನ್ಯಾಚುರಲ್ ಆಗಿ ಕಾಣಲು ನಾಲ್ಕು ಮಕ್ಕಳು

ಒಂದೇ ಬೆಳಿಗ್ಗೆ ಅಷ್ಟೊಂದು ಹಿಮಕರಡಿಗಳನ್ನು ನಾನು ನೋಡಿದ್ದು ಅದೇ ಮೊದಲು.

ಎಲ್ಲವೂ ಒಂದೇ ಕರಡಿ. ಅದೇ ಮಂಜುಗಡ್ಡೆಯ ಮೇಲೆ, ಅದೇ ಕಡೆ ಮುಖ ಮಾಡಿ ನಿಂತದ್ದು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ, ಹತ್ತನೇ ತರಗತಿಯ ಮಕ್ಕಳ ಪ್ರಾಜೆಕ್ಟ್ ಫೈಲುಗಳಲ್ಲಿ. (ಊರಿನ ಹೆಸರು ಬೇಡ. ನಿಮ್ಮೂರು ಅಂದುಕೊಂಡರೂ ನಷ್ಟವಿಲ್ಲ.) ವಿಷಯ, ಜಾಗತಿಕ ತಾಪಮಾನ. ಪೇಟೆಯ ಡಿಟಿಪಿ ಅಂಗಡಿಯ ಕಲರ್ ಪ್ರಿಂಟು, ಸ್ಪೈರಲ್ ಬೈಂಡಿಂಗು. ಮೇಲೆ ಬರೆದ ಹೆಸರು ಮಾತ್ರ ಬೇರೆ ಬೇರೆ.

ಅಂಕ? ಇಪ್ಪತ್ತಕ್ಕೆ ಇಪ್ಪತ್ತು.

ಮನೆಯಲ್ಲಿ ಹತ್ತನೇ ತರಗತಿಯ ಮಕ್ಕಳಿಲ್ಲದವರಿಗೆ ಒಂದು ಮಾತು. ಒಂದು ವಿಷಯಕ್ಕೆ ನೂರು ಅಂಕವಾದರೆ ಎಂಬತ್ತು ಪರೀಕ್ಷೆಗೆ, ಇಪ್ಪತ್ತು ಶಾಲೆಯ ಕೈಯಲ್ಲಿ. ಮಗು ವರ್ಷಪೂರ್ತಿ ಏನು ಮಾಡಿತು ಎಂದು ನೋಡಿ ಶಾಲೆಯೇ ಕೊಡುವುದು. ಶಾಲೆ ಸರಿಯಾಗಿ ಕೊಟ್ಟಿದೆಯೇ ಎಂದು ನೋಡಲು ಬೇರೆ ಶಾಲೆಯ ಮೇಷ್ಟರುಗಳ ಒಂದು ತಂಡ ಹೋಗುತ್ತದೆ. ಹೊನ್ನಾಳಿ ಕಡೆ ವಿಜ್ಞಾನ ಪಾಠ ಮಾಡುವ ನಾನು ಈ ಸಲ ಅಂಥ ತಂಡದಲ್ಲಿದ್ದೆ. ಜೊತೆಗೆ ಜಗಳೂರಿನಿಂದ ಬಂದ ಹಿರಿಯ ಮೇಷ್ಟ್ರು ಒಬ್ಬರು. ನಿವೃತ್ತಿಗೆ ಹತ್ತಿರ ಬಂದವರು, ಯಾರ ಜೊತೆಗೂ ಜಗಳ ಬೇಡ ಎನ್ನುವವರು.

ಕರಡಿಗಳ ಕೆಳಗೆ ನಾಲ್ಕು ಫೈಲುಗಳು ಬೇರೆ ಕಟ್ಟಿನಲ್ಲಿದ್ದವು. ಹದಿಮೂರು, ಹದಿನಾಲ್ಕು ಅಂಕದವು. ಮೇಲಿನದನ್ನು ತೆರೆದರೆ ಮೀನಿನ ವಾಸನೆ.

ರೂಲು ಹಾಳೆಗಳು, ದಾರದ ಹೊಲಿಗೆ. ಹುಡುಗಿಯ ಹೆಸರು ರೇಣುಕಾ ಅಂತಿಟ್ಟುಕೊಳ್ಳಿ. ಅವಳ ಅಪ್ಪ ಸೂಳೆಕೆರೆಯಲ್ಲಿ ಮೀನು ಹಿಡಿಯುವವನು. ಅವನ ಬಲೆಗೆ ದಿನವೂ ಏನು ಬಿತ್ತು, ಏನು ಬೀಳಲಿಲ್ಲ ಎಂದು ಇವಳು ಬರೆಯುತ್ತಾ ಹೋಗಿದ್ದಳು. ಬೇರೆ ಬೇರೆ ಮೀನಿನ ಹುರುಪೆಗಳನ್ನು ತೊಳೆದು ಒಣಗಿಸಿ, ಗೋಂದಿನಲ್ಲಿ ಅಂಟಿಸಿ, ಪಕ್ಕದಲ್ಲಿ ಚಿತ್ರ. ಕೊನೆಯ ಪುಟದಲ್ಲಿ ಒಂದು ವಾಕ್ಯ: ‘ಜಿಲೇಬಿ ಮೀನು ಜಾಸ್ತಿಯಾದ ಮೇಲೆ ಅಜ್ಜ ಹೇಳುವ ಸಣ್ಣ ಮೀನುಗಳು ಬಲೆಗೆ ಬರುತ್ತಿಲ್ಲ. ಅದು ಇವುಗಳ ಮೊಟ್ಟೆ ತಿನ್ನುತ್ತದೋ, ಊಟ ತಿನ್ನುತ್ತದೋ ನನಗೆ ಇನ್ನೂ ತಿಳಿದಿಲ್ಲ.’

ಇನ್ನೂ ತಿಳಿದಿಲ್ಲ! ಇಷ್ಟು ವರ್ಷ ವಿಜ್ಞಾನ ಪಾಠ ಮಾಡಿದ್ದೇನೆ. ಮಕ್ಕಳ ಫೈಲಿನಲ್ಲಿ ಈ ಮಾತು ನಾನು ಓದಿದ್ದು ಅದೇ ಮೊದಲು. ಇದಕ್ಕೆ ಹದಿಮೂರು?

ಹೆಡ್ ಮಾಸ್ಟರನ್ನು ಕೇಳಿದೆ. ನ್ಯಾಮತಿ ಕಡೆಯವರು, ಮಾತಿನಲ್ಲಿ ಮೃದು. ಕೆಟ್ಟವರಲ್ಲ. ಸ್ವಲ್ಪವೂ ಅಳುಕದೆ ಹೇಳಿದರು.

“ಮೇಡಂ, ಎಲ್ಲಾರಿಗೂ ಇಪ್ಪತ್ತು ಕೊಟ್ರೆ ನೀವೇ ಬಂದು ಬೈತೀರಿ. ಹೋದ ವರ್ಷ ಬಂದ ತಂಡ ಹಂಗೇ ಮಾಡ್ತು, ‘ಇದೆಂಗ್ರೀ ಎಲ್ಲಾರೂ ಇಪ್ಪತ್ತು?’ ಅಂತ. ಅದಕ್ಕೆ ಈ ಸಲ ನಾಲ್ಕು ಮಕ್ಕಳಿಗೆ ಇಳಿಸೀವಿ. ನ್ಯಾಚುರಲ್ ಆಗಿ ಕಾಣ್ಲಿ ಅಂತ.”

“ಆ ನಾಲ್ಕು ಮಕ್ಕಳನ್ನ ಹೆಂಗೆ ಆರಿಸಿದ್ರಿ?”

ಅವರು ಟೀ ಲೋಟ ಕೆಳಗಿಟ್ಟರು. “ಕೆಲವರ ಅಪ್ಪಂದಿರು ನಾಳೆನೇ ಗೇಟಿಗೆ ಬಂದು ನಿಲ್ತಾರೆ ಮೇಡಂ. ಕೆಲವರು ಬರಲ್ಲ. ನಿಮಗೆ ಗೊತ್ತಿಲ್ದೇ ಇರೋದು ಏನೈತೆ?”

ಗೊತ್ತಿತ್ತು. ಬೆಳಗಾಗುವ ಮೊದಲೇ ತೆಪ್ಪ ಹತ್ತುವವನು, ಮೀನು ಮಾರಲು ತ್ಯಾವಣಿಗೆ ಬಸ್ಸು ಹಿಡಿಯುವವಳು, ಸ್ಕೂಲಿನ ಗೇಟಿಗೆ ಯಾವಾಗ ಬರಬೇಕು? ಬಂದರೂ ಏನೆಂದು ಕೇಳಬೇಕು?

ಅಂಕ ಕೊಟ್ಟಿದ್ದ ಅತಿಥಿ ಶಿಕ್ಷಕಿ ಬಾಗಿಲ ಹತ್ತಿರ ನಿಂತಿದ್ದರು. ಮದುವೆಯಾಗಿ ಇನ್ನೂ ವರ್ಷ ತುಂಬದ ಹುಡುಗಿ. ನಾನು ಹೊರಗೆ ಬಂದಾಗ ಮೆಲ್ಲಗೆ ಹೇಳಿದರು: “ನಾನು ಮೊದಲು ಅವಳಿಗೇ ಜಾಸ್ತಿ ಹಾಕಿದ್ದೆ ಮೇಡಂ. ಕರಡಿ ಫೈಲಿಗೆಲ್ಲಾ ಹತ್ತು, ಹನ್ನೊಂದು. ಸರ್ ತಿದ್ದಾಕೆ ಹೇಳಿದ್ರು. ನಾನು ಗೆಸ್ಟು. ವಾದ ಮಾಡಾಕೆ ಆಗುತ್ತೇನ್ರಿ?”

ರೇಣುಕಾಳನ್ನು ಕರೆಸಿದೆ. ಸಣಕಲು ಹುಡುಗಿ. ಫೈಲು ನನ್ನ ಕೈಯಲ್ಲಿರುವುದನ್ನು ನೋಡಿದ್ದೇ ಮುಖ ಕೆಳಗಾಯಿತು.

“ಬೇರೆ ಮಾಡಿಸ್ಕೊಂಡು ಬರ್ಲಾ ಮೇಡಂ? ವಾಸನೆ ಬರ್ತೈತೆ ಅಂತ ಗೊತ್ತು.”

“ಯಾರು ಹೇಳಿದ್ದು?”

“ಯಾರೂ ಹೇಳ್ಲಿಲ್ಲ. ಬೋರ್ಡಿಗೆ ಮಾರ್ಕ್ಸ್ ಹಾಕಿದ್ರಲ್ಲ, ಆಗ ಗೊತ್ತಾಯ್ತು.”

ಮಗು ಅಂಕವನ್ನು ನಂಬುತ್ತದೆ. ನಾವು ಯಾರೂ ನಂಬುವುದಿಲ್ಲ. ಹೆಡ್ ಮಾಸ್ಟರ್ ನಂಬುವುದಿಲ್ಲ, ತಂಡ ನಂಬುವುದಿಲ್ಲ. ಇಪ್ಪತ್ತು ಪಡೆದ ಮಕ್ಕಳ ಅಪ್ಪಂದಿರೂ ನಂಬುವುದಿಲ್ಲ. (ಡಿಟಿಪಿ ಅಂಗಡಿಗೆ ದುಡ್ಡು ಕೊಟ್ಟವರು ಅವರೇ ತಾನೆ?) ಅದನ್ನು ನಿಜವೆಂದು ನಂಬಿದ್ದು ಆ ಇಡೀ ಶಾಲೆಯಲ್ಲಿ ಇವಳೊಬ್ಬಳೇ ಇರಬೇಕು.

ಮುಂದೆ ಏನು ಓದುತ್ತೀಯ ಎಂದು ಕೇಳಿದೆ. ಮೊದಲು ಸೈನ್ಸ್ ಅಂದುಕೊಂಡಿದ್ದಳಂತೆ. “ಈಗ ಇಲ್ಲ ಮೇಡಂ. ನಂಗೆ ಬರಲ್ಲ ಅದು.”

“ನಿನ್ನ ಫೈಲೇ ಎಲ್ಲಕ್ಕಿಂತ ಚೆನ್ನಾಗೈತೆ” ಎಂದೆ. ತಲೆ ಆಡಿಸಿದಳು. ಕೆಳಗಿಳಿದ ಮುಖ ಮಾತ್ರ ಮೇಲೇಳಲಿಲ್ಲ.

ಒಳಗೆ ಹೋಗಿ ಹಟ ಹಿಡಿದೆ. ಇವಳಿಗೆ ಇಪ್ಪತ್ತು ಕೊಡಿ, ಕರಡಿಗಳನ್ನು ಇಳಿಸಿ. ಶಿಕ್ಷಕಿ ಮೊದಲು ಹಾಕಿದ್ದ ಅಂಕವೇ ಸರಿ, ಅದನ್ನೇ ಇಡಿ. ಜಗಳೂರಿನ ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು.

“ಅಷ್ಟು ಮಕ್ಕಳಿಗೆ ಇಳಿಸಿದ್ರೆ ನಾಳೆ ಈ ಶಾಲೆ ರಿಸಲ್ಟು ಏನಾಗುತ್ತೆ ಮೇಡಂ? ಪಕ್ಕದೂರಿನ ಶಾಲೇಲೂ ಇದೇ ಕರಡಿ ಐತೆ. ಅಲ್ಲಿನವಕ್ಕೆ ಇಪ್ಪತ್ತು, ಇಲ್ಲಿನವಕ್ಕೆ ಹತ್ತು ಅಂದ್ರೆ ಈ ಮಕ್ಕಳು ಮಾಡಿದ ಪಾಪ ಏನು?”

ಉತ್ತರ ಹೇಳಿ ನೋಡೋಣ. ಅವರು ಹೇಳಿದ್ದು ತಪ್ಪಲ್ಲ ಎಂಬುದೇ ಈ ವ್ಯವಸ್ಥೆಯ ದೊಡ್ಡ ತಪ್ಪು. ಒಂದು ಶಾಲೆ ಮಾತ್ರ ನಿಜವಾದ ಅಂಕ ಬರೆದರೆ ಅದರ ಮಕ್ಕಳೇ ಬಲಿ.

ಮಧ್ಯಾಹ್ನದ ಊಟದ ಹೊತ್ತಿಗೆ ರಾಜಿ ಆಯಿತು. ಆ ನಾಲ್ಕು ಮಕ್ಕಳಿಗೂ ಇಪ್ಪತ್ತು. ಕರಡಿಗೂ ಇಪ್ಪತ್ತು, ಮೀನಿಗೂ ಇಪ್ಪತ್ತು. ಹೆಡ್ ಮಾಸ್ಟರ್ ಸಂತೋಷದಿಂದ ಒಪ್ಪಿದರು. ಅವರಿಗೇನು ನಷ್ಟ? ಹಿರಿಯರು ವರದಿಯಲ್ಲಿ ‘ತೃಪ್ತಿಕರ’ ಎಂದು ಬರೆದರು. ನಾನು ಕೆಳಗೆ ನನ್ನ ಆಕ್ಷೇಪವನ್ನೂ, ಶಿಕ್ಷಕಿ ಮೊದಲು ಹಾಕಿದ್ದ ಅಂಕದ ಮಾತನ್ನೂ ಬರೆದೆ. ಅದನ್ನು ಯಾರೋ ಓದಿರಬೇಕು. ಏಕೆಂದರೆ ಬೇಸಿಗೆ ರಜೆ ಮುಗಿದ ಮೇಲೆ ಆ ಶಾಲೆಯಲ್ಲಿ ಬದಲಾದದ್ದು ಒಂದೇ: ಅತಿಥಿ ಶಿಕ್ಷಕಿಯನ್ನು ಮತ್ತೆ ಕರೆಯಲಿಲ್ಲ. ಹೊರಗಿನವರ ಮುಂದೆ ಶಾಲೆಯ ಮಾತು ಆಡಿದರಂತೆ.

ಕಳೆದ ಭಾನುವಾರ ನೆಂಟರ ಮನೆಗೆಂದು ತ್ಯಾವಣಿಗೆಗೆ ಹೋಗಿದ್ದೆ. ರಸ್ತೆ ಬದಿಯಲ್ಲಿ ತಾಯಿಯ ಪಕ್ಕ ಕೂತು ರೇಣುಕಾ ಮೀನು ಹೆರೆಯುತ್ತಿದ್ದಳು. ಕೈ ಚುರುಕಾಗಿತ್ತು. ನನ್ನನ್ನು ನೋಡಿ ಎದ್ದು ನಿಂತಳು.

ಪಾಸಾಗಿದ್ದಾಳೆ. ಕಾಲೇಜಿಗೆ ಸೇರಿಲ್ಲ. ತಾಯಿಯೇ ಹೇಳಿದಳು: “ನಾವು ಓದು ಅಂದ್ವಿ ಮೇಡಂ. ಇವಳ ಅಪ್ಪ ಅರ್ಜಿನೂ ತಂದಿದ್ದ. ಇವಳೇ ಒಲ್ಲೆ ಅಂದ್ಲು. ನಂಗೆ ಬರಲ್ಲ, ಸುಮ್ನೆ ಯಾಕೆ ಅಂದ್ಲು.”

ನಾನು ರೇಣುಕಾಳ ಕಡೆ ತಿರುಗಿದೆ. “ನಿನ್ನ ಮಾರ್ಕ್ಸು ಸರಿ ಮಾಡಿದ್ರು, ಗೊತ್ತಾಯ್ತಲ್ಲ? ಇಪ್ಪತ್ತು ಬಂದಿತ್ತು.”

“ಗೊತ್ತಾಯ್ತು ಮೇಡಂ. ಎಲ್ಲಾರಿಗೂ ಬಂದಿತ್ತು.”

“ಅವರದ್ದು ಬಿಡು. ನಿಂದು ನಿಜವಾಗ್ಲೂ ಚೆನ್ನಾಗಿತ್ತು. ನಾನು ನೋಡಿದ ಪ್ರಾಜೆಕ್ಟುಗಳಲ್ಲೇ ಚೆನ್ನಾಗಿರೋದು ಅದು. ಈ ವರ್ಷ ಹೋದ್ರೆ ಹೋಗ್ಲಿ, ಮುಂದಿನ ವರ್ಷ ಸೇರು. ನಾನು ಬಂದು ಸೇರಿಸ್ತೀನಿ.”

ಅವಳು ನಕ್ಕಳು. ಸಿಟ್ಟಿರಲಿಲ್ಲ, ದುಃಖವೂ ಇರಲಿಲ್ಲ. ದೊಡ್ಡವರ ಮಾತಿಗೆ ಮರ್ಯಾದೆ ಕೊಡುವ ನಗು. ಗಿರಾಕಿ ಕಾಯುತ್ತಿದ್ದ. ಮತ್ತೆ ಕೂತು ಕತ್ತಿ ಹಿಡಿದಳು.

“ಹಂಗಂತ ಎಲ್ಲಾರಿಗೂ ಹೇಳ್ತೀರಿ ಬಿಡ್ರಿ ಮೇಡಂ.”