ವಿಮಾನಕ್ಕೆ ಮಂಡಿ ತೂಕ

ಹುಬ್ಬಳ್ಳಿಯಲ್ಲಿ ಇಳಿದ ವಿಮಾನದ ಚಕ್ರಕ್ಕೆ ಹಸಿ ತೆಂಗಿನ ಗರಿ ಸುತ್ತಿಕೊಂಡಿತ್ತಂತೆ. ಫೋನಿನಲ್ಲಿ ಆ ಸುದ್ದಿ ಕೇಳಿ ಏಕಾಂತಯ್ಯನ ಕೈಯಿಂದ ರಿಸೀವರು ಜಾರಿತು. ಬೆಳಗ್ಗೆ ತಿಪಟೂರಿನಲ್ಲಿ ತಾನೇ ಹತ್ತಿಸಿ ಕಳಿಸಿದ ಒಂಬತ್ತು ಜನ! ಅವರಲ್ಲಿ ಒಬ್ಬಾಕೆ ತುಂಬು ಬಸುರಿ. ವಿಮಾನ ಇನ್ನೊಂದು ಮೊಳ ಕೆಳಗೆ ಹೋಗಿದ್ದರೆ ಗರಿಗಲ್ಲ, ಮರದ ಸುಳಿಗೇ ಬಡಿಯುತ್ತಿತ್ತು.

ಏಕಾಂತಯ್ಯ ಬಿಳಿಗೆರೆಯವನು. ಓದು ಹತ್ತದೆ ಸ್ಲೇಟು ಬಿಸಾಡಿ ತಿಪಟೂರಿನ ಕೊಬ್ಬರಿ ಮಂಡಿ ಸೇರಿದ. ಅಲ್ಲಿ ತೂಕದ ಕಾಟಾ ಅವನದು. ಹಲಗೆಯ ಮೇಲೆ ಮೂಟೆ ಬಿದ್ದು ಕಡ್ಡಿಯ ಅಲುಗಾಟ ನಿಲ್ಲುವ ಮೊದಲೇ ತೂಕ ಕೂಗುತ್ತಿದ್ದ. ಕೂಗಿದರೆ ರೈಲ್ವೆ ಗೇಟಿನವರೆಗೂ ಕೇಳಬೇಕು, ಅಂಥ ಗಂಟಲು. ಕಡ್ಡಿ ತೋರಿಸಿದ್ದರಲ್ಲಿ ಮೂಟೆಗೆ ಎರಡು ಕಿಲೋ ಬಿಟ್ಟು ಹೇಳುವುದು ಮಂಡಿಯ ರೂಢಿ. ಚೀಲದ್ದು ಒಂದು, ತೇವದ್ದು ಒಂದು. ಆ ಕಳೆತವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ.

ಎಂಬತ್ತೊಂದರ ದೀಪಾವಳಿ ಕಳೆದ ಮೇಲೆ ಹಾಲ್ಕುರಿಕೆ ದಾರಿಯ ಗೋಮಾಳಕ್ಕೆ ವಿಮಾನ ಬಂತು. ಇಲ್ಲಿನ ಕೊಬ್ಬರಿ ವ್ಯಾಪಾರಸ್ಥರು, ಹುಬ್ಬಳ್ಳಿಯ ಹತ್ತಿ ವ್ಯಾಪಾರಸ್ಥರು ಸೇರಿ ಕಟ್ಟಿದ ಕಂಪನಿ, ಹೇಮಗಿರಿ ಏರ್ ಸರ್ವಿಸ್. ರೈಲಿರುವ ಊರಿಗೆ ವಿಮಾನ ಯಾಕೆ ಅಂದವರಿಗೆ, ಬೆಳಗ್ಗೆ ಹೋಗಿ ವ್ಯಾಪಾರ ಮುಗಿಸಿ ಸಂಜೆ ಮನೆಯಲ್ಲಿ ಉಣ್ಣೋಕೆ ಅಂದರು. ಕಂಪನಿಗೆ ಇದ್ದದ್ದು ಒಂಬತ್ತು ಸೀಟಿನ ಎರಡು ವಿಮಾನ. ಒಂದು ಹಾರುತ್ತಿತ್ತು, ಇನ್ನೊಂದು ಬೆಂಗಳೂರಿನಲ್ಲಿ ನಿಂತು, ಹಾರುವ ವಿಮಾನಕ್ಕೆ ತನ್ನ ನಟ್ಟು ಬೋಲ್ಟು ದಾನ ಮಾಡುತ್ತಿತ್ತು. ಗೋಮಾಳದ ಮಣ್ಣನ್ನು ರೋಲರಿನಲ್ಲಿ ಬಡಿದು ರನ್‌ವೇ ಮಾಡಿದರು. ಒಂದು ತಗಡಿನ ಶೆಡ್ಡು ಎದ್ದಿತು. ಮಂಡಿಯ ಹಳೇ ಕಾಟಾ ಕೊಂಡು ತಂದರು, ಜೊತೆಗೆ ಕಾಟಾದವನನ್ನೂ ತಂದರು.

ಬೆಳಗ್ಗೆ ದನ ಅಟ್ಟುವುದು, ಗಾಳಿ ನೋಡುವ ಬಟ್ಟೆಯ ಚೀಲ ಕಂಬಕ್ಕೆ ಏರಿಸುವುದು, ಬೆಂಕಿ ಆರಿಸುವ ಬಕೆಟ್ಟಿಗೆ ಮರಳು ತುಂಬುವುದು, ಎಲ್ಲ ಏಕಾಂತಯ್ಯನೇ. ಆದರೆ ಮುಖ್ಯ ಕೆಲಸ ತೂಕ. ಚಿಕ್ಕ ವಿಮಾನವಾದ್ದರಿಂದ ಗಂಟುಮೂಟೆಯ ಜೊತೆ ಮನುಷ್ಯರನ್ನೂ ತೂಗಬೇಕಿತ್ತು. ಅವನು ಕೂಗಿದ್ದನ್ನು ಶೆಡ್ಡಿನೊಳಗಿನ ಗುಮಾಸ್ತ ಬರೆದು ಕೂಡಿಸಿ ಒಟ್ಟು ಭಾರವನ್ನು ಪೈಲಟ್ಟಿಗೆ ಹೇಳುತ್ತಿದ್ದ.

ತುರುವೇಕೆರೆಯ ಮೀನಾಕ್ಷಮ್ಮ ಮೊದಲ ಸಲ ಬಂದಾಗ ಕಾಟಾ ನೋಡಿ ಸಿಡುಕಿದರು.

"ನನ್ನೇನು ಕೊಬ್ಬರಿ ಮೂಟೆ ಅಂದ್ಕೊಂಡ್ಯೇನಯ್ಯ?"

"ಮೂಟೆ ಆಗಿದ್ರೆ ಬಾಯಿ ಮುಚ್ಕೊಂಡು ಹತ್ತೋದು ಕಣ್ರವ್ವ. ಹತ್ತಿ, ಹತ್ತಿ."

ಹತ್ತಿದರು. ಅವನು ಮಂಡಿಯ ಗಂಟಲಲ್ಲಿ ಕೂಗಿಯೇಬಿಟ್ಟ. ಸುತ್ತಲಿದ್ದವರೆಲ್ಲ ಗೊಳ್ಳೆಂದರು. ಮೀನಾಕ್ಷಮ್ಮ ಆಮೇಲೆ ಎರಡು ತಿಂಗಳು ರೈಲಲ್ಲೇ ಓಡಾಡಿದರು.

ಇಂಥ ನಗುವಿನ ಜಾಗಕ್ಕೆ ಆ ಹಸಿ ಗರಿಯ ಸುದ್ದಿ ಬಂತು. ಕೆಲವು ತಿಂಗಳಿಂದ ವಿಮಾನ ನೆಲ ಬಿಡುವುದಕ್ಕೆ ತಿಣುಕುತ್ತಿದ್ದದ್ದು ಎಲ್ಲರಿಗೂ ಕಂಡಿತ್ತು. ಬೆಂಗಳೂರಿನಿಂದ ಇಂಜಿನಿಯರುಗಳು ಬಂದರು. ಇಂಜಿನ್ನು ಬಿಚ್ಚಿ ನೋಡಿದರು, ಸರಿಯಿತ್ತು. ರನ್‌ವೇ ಅಳೆದರು, ಅದೂ ಸರಿಯಿತ್ತು. ಕೊನೆಗೆ ರನ್‌ವೇ ತುದಿಯಾಚೆಯ ಬೋರಮ್ಮನ ತೋಟಕ್ಕೆ ಬೆರಳು ತೋರಿಸಿದರು. ಆರು ಮರ ಅಡ್ಡ ಇವೆ, ಕಡಿಯಬೇಕು. ಮರದ ಎತ್ತರವನ್ನು ದುರ್ಬೀನು ಇಟ್ಟು ಅಳೆದ ಪುಣ್ಯಾತ್ಮರಲ್ಲಿ ಒಬ್ಬನಾದರೂ ಆ ಕಾಟಾದ ಕಡೆ ಕತ್ತು ತಿರುಗಿಸಿದ್ದರೆ! ಇಲ್ಲ. ಮೇಲಿನಿಂದ ಆರ್ಡರು ಬಂತು.

ಆರ್ಡರು ತಿಳಿಸಲು ಏಕಾಂತಯ್ಯನೇ ಹೋದ. ಬೋರಮ್ಮ ಅವನ ಊರಿನವಳೇ, ಗಂಡನಿಲ್ಲದ ಮುದುಕಿ. ತೋಟವೆಂದರೆ ಆ ಆರು ಮರ, ಜೊತೆಗೆ ಇನ್ನೂ ಹೊಂಬಾಳೆ ಕಾಣದ ಒಂದಷ್ಟು ಸಸಿ. ವರ್ಷದ ಊಟವೆಲ್ಲ ಆ ಆರರ ಮೇಲೆ.

"ಕಂಪನಿಯೋರು ಪರಿಹಾರ ಕೊಡ್ತಾರೆ ಕಣವ್ವ."

"ಪರಿಹಾರ ಕಾಯಿ ಬುಡ್ತದೇನ್ಲಾ?"

"ಒಂಬತ್ತು ಜನ ಸಾಯ್ತಿದ್ರು! ನಿಂಗೆ ಮರ ಹೆಚ್ಚೋ ಜನ ಹೆಚ್ಚೋ?"

"ಮರ ಎದ್ದು ಹೋಗಿ ಅಡ್ಡ ನಿಂತ್ಕಂತಾ? ಅದು ನಿಂತಿದ್ದಲ್ಲೇ ಐತೆ. ಮೊದ್ಲು ಹಾರ್ತಿತ್ತಲ್ಲ, ಈಗ್ಯಾಕೆ ಹಾರಾಕಿಲ್ಲ ಅಂತ ಕೇಳು ಹೋಗು."

"ಮುದುಕಿ, ನಿಂಗೆ ಕನಿಕರಾನೇ ಇಲ್ಲ ಕಣೇ!" ಎಂದು ಏಕಾಂತಯ್ಯ ಎಗರಾಡಿ ಬಂದ. ಬಸುರಿಯ ಮುಖ ಕಣ್ಣಿನಿಂದ ಹೋಗಿರಲಿಲ್ಲ ಅವನಿಗೆ. ಕೊಡಲಿಯವರನ್ನು ಗೊತ್ತು ಮಾಡಿದ್ದೂ ಅವನೇ.

ಕಡಿಯುವ ದಿನ ಬೆಳಗ್ಗೆ, ಅತ್ತ ತೋಟದಲ್ಲಿ ಆಗಲೇ ಕೊಡಲಿ ಬೀಳುತ್ತಿದ್ದಾಗ, ಇತ್ತ ವಿಮಾನ ಬಂದು ನಿಂತಿತ್ತು. ಪೈಲಟ್ಟು ಬೆಟ್ಟಸ್ವಾಮಿ ಚಾಮರಾಜನಗರದ ಕಡೆಯವರು, ಮಿಲಿಟರಿ ವಿಮಾನ ಓಡಿಸಿ ಬಂದವರು. ಟೀ ಕುಡಿಯುತ್ತಾ ಸುಮ್ಮನೆ ಕಾಟಾದ ಮೇಲೆ ಹತ್ತಿ ನಿಂತರು.

"ನಂದೂ ಹೇಳೋ ಏಕಾಂತಯ್ಯ."

"ಎಪ್ಪತ್ತೊಂಬತ್ತೂ!"

"ಏ, ನಿನ್ನೆ ಮೆಡಿಕಲ್ ಟೆಸ್ಟಲ್ಲಿ ಎಂಬತ್ತೊಂದು ಅಂದ್ರು. ನಿನ್ ಕಾಟಾ ಕೆಟ್ಟಿದೆ."

ಕಾಟಾ ಕೆಟ್ಟಿದೆ ಎಂದರೆ ಏಕಾಂತಯ್ಯನಿಗೆ ಮೈಯೆಲ್ಲ ಉರಿಯುತ್ತಿತ್ತು. "ಕೆಟ್ಟಿಲ್ಲ ಸ್ವಾಮಿ! ಕಡ್ಡಿ ನೋಡಿ, ಎಂಬತ್ತೊಂದೇ ಐತೆ. ಎರಡು ಬುಟ್ಟು ಹೇಳಿದ್ದು."

"ಯಾಕೆ ಬಿಟ್ಟೆ?"

"ಚೀಲದ್ದು, ತೇವದ್ದು."

"ಯಾವ ಚೀಲವೋ? ನಾನು ಮನುಷ್ಯ ಕಣೋ!"

ಏಕಾಂತಯ್ಯ ಮತ್ತೊಮ್ಮೆ ಕಡ್ಡಿ ನೋಡಿದ. ಪೈಲಟ್ಟು ಲೋಟ ಕೆಳಗಿಟ್ಟು ಕಾಟಾದಿಂದ ಇಳಿದರು.

"ಎಲ್ರಿಗೂ ಬಿಡ್ತೀಯಾ?"

"ಎಲ್ರಿಗೂ ಸಾರ್."

"ಗಂಟುಗಳಿಗೆ?"

"ಒಂದೊಂದಕ್ಕೂ ಎರಡು."

ಅಲ್ಲೇ ಸಾಲಾಗಿ ಇಟ್ಟಿದ್ದ ಗಂಟುಗಳನ್ನು ಬೆಟ್ಟಸ್ವಾಮಿ ನೋಡಿದರು. ನಮ್ಮ ಸೀಮೆಯವರು ಪ್ರಯಾಣ ಹೊರಟರೆ ಒಂದೇ ಪೆಟ್ಟಿಗೆ ತುಂಬುತ್ತಾರೆಯೇ? ಉಪ್ಪಿನಕಾಯಿ ಒಂದು ಗಂಟು, ರಾಗಿ ಹಿಟ್ಟು ಒಂದು ಗಂಟು, ನೆಂಟರಿಗೆ ಕೊಬ್ಬರಿ ಇನ್ನೊಂದು. ಎರಡೇ ಕಿಲೋ ಇರುವ ಗಂಟು ಏಕಾಂತಯ್ಯನ ಬಾಯಲ್ಲಿ ಸೊನ್ನೆ! ತಲೆಗೆ ಐದಾರು ಗಂಟು. ಜನ ಕಡಿಮೆಯಿದ್ದಾಗ ಯಾರಿಗೂ ಗೊತ್ತಾಗಲಿಲ್ಲ, ಸೀಟು ತುಂಬಿ ಗಂಟು ಹೆಚ್ಚಿದಂತೆ ಲೆಕ್ಕಕ್ಕೇ ಸಿಗದ ಭಾರ ಹೊತ್ತು ವಿಮಾನ ತಿಣುಕಿತ್ತು. ಬೆಟ್ಟಸ್ವಾಮಿ ಗಂಟುಗಳನ್ನು ಒಂದೊಂದಾಗಿ ಎಣಿಸಿದರು. ಯುದ್ಧ ಕಂಡ ಮನುಷ್ಯ, ಹಣೆ ಚಚ್ಚಿಕೊಂಡರು.

"ಅಯ್ಯೋ ಪುಣ್ಯಾತ್ಮ! ಒಂದೆರಡು ಆಳಿನ ಭಾರ ಜಾಸ್ತಿ ಹೊತ್ಕೊಂಡು ಹಾರಿದ್ದೀನಲ್ಲೋ ದಿನಾ! ಮರದ್ದೇನೂ ತಪ್ಪಿಲ್ಲ."

ಮರ ಎಂದದ್ದೇ ತಡ, ಏಕಾಂತಯ್ಯ ಓಡಿದ. ಪಂಚೆ ಕಾಲಿಗೆ ತೊಡರಿ ಬಿದ್ದ, ಎದ್ದ, ಮತ್ತೆ ಓಡಿದ. ರನ್‌ವೇ ಅರ್ಧ ದಾಟುವಷ್ಟರಲ್ಲಿ ಒಂದು ಮರ ಬಿದ್ದ ಸದ್ದು ಎದೆಗೆ ಬಡಿಯಿತು.

ನಾಲ್ಕು ಬಿದ್ದಿದ್ದವು. ಎಳನೀರು ಮಣ್ಣಲ್ಲಿ ಹರಿದು ಕೆಸರಾಗಿತ್ತು. ಐದನೆಯದಕ್ಕೆ ಎತ್ತಿದ ಕೊಡಲಿಯನ್ನು ಅವನು ಹಿಂದಿನಿಂದ ಹಿಡಿದ.

"ಬುಡ್ರೋ! ನಿಲ್ಸ್ರೋ!"

ಕೊಡಲಿಯವರು ಬೆಪ್ಪಾಗಿ ನೋಡಿದರು. ಬೋರಮ್ಮ ಬಿದ್ದ ಮರದ ಪಕ್ಕದಲ್ಲಿ ಕುಳಿತಿದ್ದಳು.

"ಯಾಕ್ಲಾ? ಕಡೀರಿ ಅಂದೋನೂ ನೀನೇ, ನಿಲ್ಸಿ ಅನ್ನೋನೂ ನೀನೇ."

ಅವನು ಏದುಸಿರು ಬಿಡುತ್ತಾ ಹೇಳಿದ. ಮನುಷ್ಯರಿಗೂ ಗಂಟಿಗೂ ಎರಡೆರಡು ಕಿಲೋ ಬಿಟ್ಟದ್ದು, ಭಾರ ಹೆಚ್ಚಾದದ್ದು, ಎಲ್ಲ. ಬೈಯಲಿ, ಹೊಡೆಯಲಿ ಎಂದು ನಿಂತ. ಮುದುಕಿ ಅವನ ಮುಖವನ್ನೇ ನೋಡಿದಳು.

"ಮಂಡೀಲಿ ನನ್ನ ಮೂಟೇಲೂ ಹಿಂಗೇ ಕಳೀತಿದ್ದೆ ಅಲ್ವಾ?"

"ಹೂಂ ಕಣವ್ವ."

"ನನ್ ಕೊಬ್ಬರಿ ಒಣಗಿ ಗಲಗಲ ಅಂತಿತ್ತು. ತೇವ ಎಲ್ಲಿತ್ತೋ? ಅವತ್ತೇ ಕೇಳ್ಬೇಕಿತ್ತು ನಾನು. ಕೇಳ್ದೆ ಬುಟ್ಟೆ."

ಅಷ್ಟೇ ಅಂದಳು. ಅವಳು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ ಎಂದು ಏಕಾಂತಯ್ಯ ಆಮೇಲೆ ಹೆಂಡತಿಯ ಹತ್ತಿರ ಅತ್ತನಂತೆ.

ಮಾರನೆಯ ಬೆಳಗ್ಗೆ ಮೊದಲು ಕಾಟಾ ಹತ್ತಿದ್ದು ಕೊಬ್ಬರಿ ಸಾಹುಕಾರ ಗಂಗಾಧರಯ್ಯ. ಏಕಾಂತಯ್ಯ ಕಡ್ಡಿ ತೋರಿಸಿದ್ದನ್ನೇ ಕೂಗಿದ.

"ಲೇ, ಹೋದ್ವಾರಕ್ಕಿಂತ ಜಾಸ್ತಿ ಹೇಳ್ತೀಯಲ್ಲೋ! ಕಳೆತ ಎಲ್ಲಿ?"

"ಕಳೆತ ಸತ್ತೋಯ್ತು! ಎರಡು ಗಂಟು ಇಳ್ಸಿ. ಇಲ್ದಿದ್ರೆ ನೀವೇ ಇಳೀರಿ!"

ಸಾಹುಕಾರ ಹಲ್ಲು ಕಡಿಯುತ್ತಾ ಗಂಟು ಇಳಿಸಿದ. ಉಳಿದವರ ಗಂಟುಗಳೂ ಶೆಡ್ಡಿನ ಮುಂದೆ ಗುಡ್ಡೆಯಾದವು. ವಿಮಾನ ರನ್‌ವೇಯ ನಡುವಿನಲ್ಲೇ ನೆಲ ಬಿಟ್ಟು, ಉಳಿದಿದ್ದ ಎರಡು ಮರಗಳ ಮೇಲೆ ಎಷ್ಟೋ ಎತ್ತರದಲ್ಲಿ, ಒಂದು ಗರಿಯೂ ಅಲುಗದ ಹಾಗೆ ಹಾರಿಹೋಯಿತು. ಕೆಳಗೆ ಬೋರಮ್ಮ, ಬಿದ್ದ ಮರಗಳ ಬಲಿಯದ ಕಾಯಿಗಳನ್ನು ಗೊನೆಯಿಂದ ಬಿಡಿಸುತ್ತಿದ್ದಳು. ತಲೆಯೆತ್ತಿ ನೋಡಲಿಲ್ಲ.