ಕಲ್ಲು ಕಟೆಯುವವಳು ಪೇಪರಿನಲ್ಲಿ ಕಳ್ಳಿಯಾದದ್ದು

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ನಾನು ರಾಯಚೂರಿನ ಒಂದು ಶಾಲೆಯಲ್ಲಿ ಮಾಸ್ತರನಾಗಿದ್ದೆ. ಜೊತೆಗೆ, ಹೊಳೆಯಾಚೆ ಬ್ರಿಟಿಷರ ಸೀಮೆಯಲ್ಲಿ ಅಚ್ಚಾಗಿ ರೈಲಿನಲ್ಲಿ ಬರುತ್ತಿದ್ದ ಒಂದು ಕನ್ನಡ ವಾರಪತ್ರಿಕೆಗೆ ನಮ್ಮ ಊರಿನ ಸುದ್ದಿ ಬರೆದು ಕಳಿಸುವ ಬಾತ್ಮೀದಾರ. ಆಗ ವಯಸ್ಸು ಮೂವತ್ತರ ಒಳಗಿತ್ತು, ಚಿಂತೆ ಐವತ್ತರದು. ಈಗ ವಯಸ್ಸು ಬಂದು ಚಿಂತೆಯನ್ನು ಮುಟ್ಟಿದೆ, ಅಷ್ಟೇ ವ್ಯತ್ಯಾಸ.

ನನ್ನದು ನಿಜಾಮರ ಸರಕಾರದ ನೌಕರಿ. ಸರಕಾರದ ಬಗ್ಗೆ ಬರೆದರೆ ಅದು ಹೋಗುತ್ತದೆ. ಸಾಹುಕಾರರ ಬಗ್ಗೆ ಬರೆಯೋಣವೆಂದರೆ ನಾವಿದ್ದ ಬಾಡಿಗೆ ಮನೆ ಒಬ್ಬ ಸಾಹುಕಾರನದು. ಮಠದ ಬಗ್ಗೆ ಬರೆದರೆ ಅವ್ವ ಊಟಕ್ಕೆ ಎಲೆ ಹಾಕುವುದಿಲ್ಲ. ಹೀಗೆ ಒಬ್ಬೊಬ್ಬರನ್ನೇ ಬಿಡುತ್ತಾ ಬಂದಾಗ ಕೊನೆಗೆ ಉಳಿದವರು ಮನೆಯಿಲ್ಲದವರು. ಅವರು ಪೇಪರ್ ಓದುವುದಿಲ್ಲ, ಆಕ್ಷೇಪದ ಪತ್ರ ಬರೆಯುವುದಿಲ್ಲ, ಬರೆಸಿದರೂ ಕೆಳಗೆ ಹಾಕಲು ವಿಳಾಸವಿಲ್ಲ. ನನ್ನಂಥ ಅಂಜುಬುರುಕನಿಗೆ ಹೇಳಿ ಮಾಡಿಸಿದ ವಿಷಯ.

ಒಂದು ಬೇಸಿಗೆಯಲ್ಲಿ ನಮ್ಮ ಓಣಿಯ ವಕೀಲರ ಮನೆಯ ತಾಮ್ರದ ಕೊಡ ಕಾಣೆಯಾಯಿತು. ಊರ ಕೋಟೆಯ ಬಾಗಿಲಾದ ಕಾಟಿ ದರ್ವಾಜದ ಆಚೆ, ಗೋಡೆಗೆ ಆನಿಸಿ ಕಟ್ಟಿದ ಏಳೆಂಟು ಚಾಪೆಯ ಗುಡಿಸಲುಗಳಿದ್ದವು. ನಾನು ಪೊಲೀಸ್ ನಾಕಾದ ಅಮೀನರನ್ನು ಕೇಳಿದೆ. ಅವರು ಎಲೆಅಡಿಕೆ ಜಗಿಯುತ್ತಾ, “ಮತ್ಯಾರು ಮಾಸ್ತರ್ ಸಾಬ್? ಆ ಗೋಡಿ ಬುಡದವರೇ ಇರಬೇಕು ತಗೋರಿ” ಎಂದರು. ಬರೆಯುವಾಗ ‘ಇರಬೇಕು’ ಎಂಬುದನ್ನು ಬಿಟ್ಟೆ. ಸಾಲು ಉದ್ದವಾಗುತ್ತಿತ್ತು. ‘ಕೋಟೆಗೋಡೆಯ ಬುಡದಲ್ಲಿ ಕಳ್ಳರ ಬೀಡು’ ಎಂದು ತಲೆಬರಹ ಕೊಟ್ಟೆ. ಹಗಲು ಭಿಕ್ಷೆಯ ನೆಪದಲ್ಲಿ ಮನೆಗಳನ್ನು ನೋಡಿಕೊಂಡು ಹೋಗುವ ಹೆಂಗಸರು, ದುಡಿಯಲೊಲ್ಲದ ಗಂಡಸರು, ಹೀಗೆ ಅರ್ಧ ಅಂಕಣ. ನಮ್ಮ ಮನೆಯಿಂದ ಆ ಗುಡಿಸಲುಗಳು ಒಂದು ಕೂಗಳತೆ. ನಾನು ಹೋಗಿರಲಿಲ್ಲ. ಹೋದರೆ ಯಾರಾದರೂ ಏನಾದರೂ ಅಂದಾರು ಎಂಬ ಚಿಂತೆ.

ಹದಿನೈದು ದಿನದ ಮೇಲೆ ವಕೀಲರ ಮನೆಯ ಬಾವಿ ಹೂಳು ತೆಗೆಸಿದಾಗ ಕೊಡ ಬಾವಿಯಲ್ಲೇ ಸಿಕ್ಕಿತು. ಅದನ್ನು ನಾನು ಬರೆಯಲಿಲ್ಲ. ಕೊಡ ಬಾವಿಯಲ್ಲಿರುವುದು ಎಲ್ಲಿಯ ಸುದ್ದಿ?

ವಾರವಾರವೂ ಅವ್ವನಿಗೆ ಪೇಪರ್ ಓದಿ ಹೇಳುವವನು ನಾನೇ. ಆ ಬರಹದ ಕೆಳಗೆ ‘ನಮ್ಮ ಬಾತ್ಮೀದಾರರಿಂದ’ ಎಂದಷ್ಟೇ ಇತ್ತು. ಬರೆದವನು ನಾನೆಂದು ಅವ್ವನಿಗೆ ಹೇಳಿರಲಿಲ್ಲ. ಹೇಳಿದರೆ ಆಕೆ ನಾಲ್ಕು ಮನೆಗೆ ಹೇಳುತ್ತಾಳೆ. ಆದರೆ ಓದುವಾಗ ದನಿ ತುಸು ಏರಿಸಿದ್ದೆ. ಆಕೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿ, “ನೋಡು, ಎಷ್ಟು ಛಂದ ಬರದಾನ. ಯಾರೋ ಶಾಣ್ಯಾ ಇದ್ದಾನ” ಎಂದಳು. ಆ ದಿನ ನನಗೆ ಎರಡು ತುತ್ತು ಹೆಚ್ಚು ಸೇರಿತು.

ಒಂದು ತಿಂಗಳಾಗಿರಬೇಕು. ಬೆಳಗ್ಗೆ ಬಾಗಿಲಲ್ಲಿ ಒಬ್ಬ ಹೆಂಗಸಿನ ದನಿ. ವರ್ಷಕ್ಕೆರಡು ಸಲ ಬಂದು ನಮ್ಮ ಬೀಸುವ ಕಲ್ಲನ್ನು ಕಟೆದುಕೊಡುತ್ತಿದ್ದವಳು. ಬೀಸಿ ಬೀಸಿ ಕಲ್ಲಿನ ಮೈ ನುಣುಪಾದರೆ ಜೋಳ ಹಿಟ್ಟಾಗುವುದಿಲ್ಲ. ಉಳಿ ಸುತ್ತಿಗೆಯಿಂದ ಕಚ್ಚು ಹೊಡೆದು ಮತ್ತೆ ಒರಟು ಮಾಡಬೇಕು. ಗಿರಣಿಯ ಹಿಟ್ಟು ಮಡಿಗೆ ಬಾರದೆಂದು ಅವ್ವ ಹಟ ಹಿಡಿದಿದ್ದರಿಂದ ನಮ್ಮ ಮನೆಯ ಊಟ ನಿಂತಿದ್ದದ್ದೇ ಆ ಹೆಂಗಸಿನ ಕೈಮೇಲೆ. ಹಾಗಿದ್ದೂ ಅಂದು ಅವ್ವ ಬಾಗಿಲನ್ನು ಅರ್ಧಕ್ಕೇ ಹಿಡಿದಳು.

“ನೀವೆಲ್ಲಾ ಎಲ್ಲಿ ಇಳದೀರಿ?”

“ಗ್ವಾಡಿ ಬುಡಕರೀ ಯವ್ವಾ. ಯಾವತ್ತೂ ಅಲ್ಲೇ ಇರ್ತೀವಿ.”

“ಮನಿ ನೋಡ್ಕೊಂಡು ಹೋಗ್ಲಿಕ್ಕೆ ಬಂದಿ ಹೌದಲ್ಲೋ? ಪೇಪರ್‌ನಾಗ ಎಲ್ಲಾ ಬಂದದ.”

“ನಿಮ್ಮನಿ ಹೊಸದಾಗಿ ಏನ ನೋಡ್ಲಿ ಯವ್ವಾ? ಕಲ್ಲ ಎಲ್ಲೈತಿ ಅಂತ ನಿಮಗಿಂತ ನನಗ ಗೊತ್ತು.” ದನಿ ಇಳಿಯಿತು. “ಹಂಗನಬ್ಯಾಡ್ರಿ. ಕಲ್ಲಿನ ಚೂರು ಸಿಡದು ನನ್ನ ಮುದುಕ ಗಂಡನ ಒಂದು ಕಣ್ಣು ಹೋಗೇತಿ. ಇನ್ನೊಂದಕ್ಕ ಇಲ್ಲಿ ದವಾಖಾನ್ಯಾಗ ವಾರಕ್ಕೊಮ್ಮೆ ಔಷಧ ಹಾಕಾಕತ್ತಾರ. ಕೆಲಸ ಕೊಡದಿದ್ರ ಈ ಊರಾಗ ಹ್ಯಾಂಗ ನಿಲ್ಲಲಿ?”

ಅವ್ವ ಬಾಗಿಲು ಹಾಕಿದಳು. ನಾನು ಒಳಗೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ನಿಂತಿದ್ದೆ. ಆರು ವರ್ಷದಿಂದ ನಮ್ಮ ಅಂಗಳದಲ್ಲಿ ಕುಳಿತು ಕೆಲಸ ಮಾಡಿದವಳು. ಅವಳು ಎಲ್ಲಿ ಮಲಗುತ್ತಾಳೆಂದು ನಾನು ಒಮ್ಮೆಯೂ ಕೇಳಿರಲಿಲ್ಲ, ಕೇಳಿದ್ದರೆ ಆ ಅರ್ಧ ಅಂಕಣ ಹುಟ್ಟುತ್ತಿರಲಿಲ್ಲ.

ಮುಂದಿನ ದಿನಗಳಲ್ಲಿ ರೊಟ್ಟಿ ತಟ್ಟಿದರೆ ಹರಿಯತೊಡಗಿತು. ಹಿಟ್ಟು ರವೆಯಂತೆ. ಅವ್ವ ಜೋಳವನ್ನು ಬೈದಳು, ಅಂಗಡಿಯವನನ್ನು ಬೈದಳು. ನನಗೆ ಮುದುಕನ ಕಣ್ಣಿನ ಚಿಂತೆ ಹತ್ತಿತು. ಅದರ ಪಕ್ಕದಲ್ಲೇ, ಬರೆದವನು ನಾನೆಂದು ಗೊತ್ತಾದರೆ ಏನು ಗತಿ ಎಂಬ ಚಿಂತೆಯೂ ಇತ್ತು. ಯಾವುದು ದೊಡ್ಡದಿತ್ತೆಂದು ಹೇಳಲಾರೆ.

ಕಡೆಗೆ ಒಂದು ತಿದ್ದುಪಡಿ ಬರೆದೆ. ಗೋಡೆಯ ಬುಡದವರು ಬೀಸುವ ಕಲ್ಲು ಕಟೆಯುವ ಕಸುಬಿನವರು, ಕೊಡ ಬಾವಿಯಲ್ಲಿ ಸಿಕ್ಕಿದೆ, ಒಬ್ಬನ ಕಣ್ಣಿಗೆ ಔಷಧ ನಡೆದಿದೆ. ಏಳು ಸಾಲು. ಪತ್ರಿಕೆಯ ಸಂಪಾದಕರಿಗೆ ಏಳು ಸಾಲು ರುಚಿಸಲಿಲ್ಲವೇನೋ. ಅಚ್ಚಾಗಿ ಬಂದಾಗ ಅದು ಮೂವತ್ತು ಸಾಲಾಗಿತ್ತು. ಮೇಲೆ ‘ಕರುಳು ಹಿಂಡುವ ಬಾಳು’. ಹರಕು ಚಾಪೆ ಇತ್ತು, ಕುರುಡ ಮುದುಕನಿದ್ದ, ಹಸಿವಿನಿಂದ ಅಳುವ ಕೂಸೊಂದೂ ಇತ್ತು. ಆ ಕೂಸು ಎಲ್ಲಿಂದ ಬಂತೋ ನನಗೆ ತಿಳಿಯದು. ಬಾವಿ ಮಾಯವಾಗಿತ್ತು, ಕಲ್ಲೂ ಮಾಯವಾಗಿತ್ತು. ದಯಾಳುಗಳು ಹಳೆಯ ಬಟ್ಟೆ, ಮಿಕ್ಕ ಅನ್ನ ಕೊಟ್ಟು ಪುಣ್ಯ ಕಟ್ಟಿಕೊಳ್ಳಬೇಕೆಂದು ಮುಗಿದಿತ್ತು.

ಓಣಿಯವರು ಪುಣ್ಯ ಕಟ್ಟಿಕೊಂಡರು. ಕಲ್ಲು ಕಟೆಯುವವಳು ಮತ್ತೆ ಬಂದಾಗ ಅವ್ವ ತಂಗಳ ರೊಟ್ಟಿಯನ್ನು ಕಟ್ಟೆಯ ಮೇಲೆ ಇಟ್ಟು ಹಿಂದೆ ಸರಿದಳು.

“ಕಲ್ಲ ಕೊಡ್ರಿ ಯವ್ವಾ, ಕಟದು ಕೊಡ್ತೀನಿ.”

“ಕಲ್ಲ ಯಾಕ ಬೇ ಈಗ? ಹಸ್ತಿರ್ತೀಯಿ, ಮೊದಲ ತಗೊಂಡು ಹೋಗು. ಪಾಪ.”

ಆಕೆ ರೊಟ್ಟಿ ಮುರಿದು ನೋಡಿದಳು. “ಹಿಟ್ಟು ರವಾ ಆಗೈತಲ್ಲ” ಎಂದಳು. ತೆಗೆದುಕೊಳ್ಳದೆ ಹೋದಳು. ಮುಂದಿನ ವಾರ ನಾನೇ ಗೋಡೆಯ ಬುಡಕ್ಕೆ ಹೋದೆ, ಮೊದಲ ಸಲ. ಚಾಪೆ ಹಾಸಿದ್ದ ಜಾಗದಲ್ಲಿ ಕಲ್ಲಿನ ಬಿಳಿ ಪುಡಿ ಮಾತ್ರ ಇತ್ತು.

ದಸರೆಯ ರಜೆಗೆ ಮಾನ್ವಿಯಲ್ಲಿದ್ದ ಅತ್ತೆಯ ಮನೆಗೆ ಹೋದೆ. ಅಲ್ಲಿ ರೊಟ್ಟಿ ಹೂವಿನಂತಿತ್ತು.

“ಕಲ್ಲು ಯಾರು ಕಟದ್ರು ಅತ್ತಿ?”

“ಯಾಕಿನೋ ಬಂದಿದ್ಲಪ. ಗಂಡನ ಕಣ್ಣು ಮಂದ. ನಿನ್ನಿ ದೇವದುರ್ಗಕ್ಕ ಹೋದ್ರು.”

“ಆಕೀನ್ನ ಮನಿಯೊಳಗ ಬಿಟ್ಟಿದ್ರೇನು?”

“ಬಿಡ್ಲಾರದ ಕಲ್ಲು ಓಣ್ಯಾಗ ಇಡ್ಲೇನು?” ಅತ್ತೆ ನನ್ನನ್ನೇ ಅನುಮಾನದಿಂದ ನೋಡಿದರು.

ಮರುದಿನ ದೇವದುರ್ಗಕ್ಕೆ ಹೊರಟೆ. ಆಗ ಪೆಟ್ರೋಲಿನ ಬರದಿಂದ ಬಸ್ಸುಗಳು ಇದ್ದಿಲಿನ ಹೊಗೆಯಿಂದ ಓಡುತ್ತಿದ್ದವು, ಏರಿನಲ್ಲಿ ಇಳಿದು ನೂಕಬೇಕು. ದೇವದುರ್ಗ ಮುಟ್ಟುವವರೆಗೆ ಎರಡು ಸಲ ನೂಕಿದೆ. ಪ್ರತಿ ಸಲವೂ ಹಿಂತಿರುಗಲು ಇದು ಒಳ್ಳೆಯ ನೆಪ ಎನಿಸಿತು. ಸಂತೆಯ ಬಯಲಿನ ಅಂಚಿನಲ್ಲಿ ಕತ್ತೆ ಕಟ್ಟಿ ಆಕೆ, ಮುದುಕ ಇಬ್ಬರೂ ಕುಳಿತಿದ್ದರು. ಮುದುಕ ಕಣ್ಣಿಗೆ ಒದ್ದೆ ಬಟ್ಟೆ ಒತ್ತಿಕೊಂಡಿದ್ದ.

“ಮಾಸ್ತರು! ಇಲ್ಲೀಗ್ಯಾಕ ಬಂದ್ರಿ ಯಪ್ಪಾ? ಈ ಊರಾಗ ಪೇಪರ್ ಓದೋರು ಕಡಿಮಿ ಅಂತ ನಾವು ಬಂದೀವಿ” ಎಂದಳು ಆಕೆ.

“ಅದನ್ನ ಬರೆದಾಂವ ನಾನೇ” ಎಂದೆ. ದಾರಿಯಲ್ಲಿ ಹೊಂದಿಸಿಕೊಂಡು ಬಂದಿದ್ದ ಉಳಿದ ಮಾತೆಲ್ಲ ಮರೆತುಹೋಗಿತ್ತು.

ಆಕೆ ಉಳಿಯನ್ನು ಕೆಳಗಿಟ್ಟಳು. “ಯಾವದು? ಕಳ್ಳಿ ಅಂದದ್ದೋ, ತಿರುಕಿ ಅಂದದ್ದೋ?”

“ಕಳ್ಳಿ ಅಂದದ್ದು ಪೂರಾ ನಂದು. ತಿರುಕಿ ಅಂದದ್ದು ಅರ್ಧ.”

ಮುದುಕ ನಕ್ಕುಬಿಟ್ಟ. ಆಕೆ ನಗಲಿಲ್ಲ. “ಕಲ್ಲ ಕಟೀತಾಳ ಅಂತ ಬರ್ಯಾಕ ಏನಾಗಿತ್ರಿ ನಿಮಗ? ಅದೊಂದ ಖರೆ ಇತ್ತು, ಅದೊಂದ ಬಿಟ್ಟೀರಿ.”

“ಮತ್ತೊಮ್ಮೆ ಬರೀತೀನಿ. ಈ ಸಲ ಸರಿಯಾಗಿ...”

“ಬ್ಯಾಡ! ಕೈಮುಗಿತೀನಿ, ಇನ್ನ ಬರೀಬ್ಯಾಡ್ರಿ. ಅಚ್ಚಿನ ಮಂದಿ ಇನ್ನೇನು ಮಾಡ್ಯಾರೋ ನನ್ನ. ಈತನ ಕಣ್ಣಿಗೆ ಔಷಧ ಬೀಳದ ಎಂಟು ವಾರ ಆತು. ನನಗ ಊರಾಗ ಕೆಲಸ ಬೇಕು. ನೀವು ನನ್ನ ಮುಂದ ಮನಿಮನಿಗೆ ನಡದು ಬಾಯಿಲೆ ಹೇಳ್ರಿ.”

ಮನೆಮನೆಗೆ! ಹೆಡ್ ಮಾಸ್ತರರ ಮನೆಯೂ ಅದೇ ಓಣಿಯಲ್ಲಿತ್ತು. ಮುದುಕ ಕಣ್ಣಿನ ಬಟ್ಟೆ ತೆಗೆದು ನಾನಿದ್ದ ದಿಕ್ಕಿಗೆ, ಆದರೆ ಒಂದು ಮೊಳ ಎಡಕ್ಕೆ, ನೋಡುತ್ತಾ ಕಾಯುತ್ತಿದ್ದ. ನಾನು ಹೂಂ ಅಂದೆ.

ನಾಲ್ಕನೆಯ ದಿನ ಅವರು ರಾಯಚೂರಿಗೆ ಬಂದರು. ಮುದುಕನನ್ನು ಬೆಳಗ್ಗೆಯೇ ದವಾಖಾನೆಯ ಸಾಲಿನಲ್ಲಿ ಕೂರಿಸಿ ಬಂದಿದ್ದಳು. ಮೊದಲು ನಮ್ಮ ಮನೆ. ಅವ್ವ ಎಲ್ಲ ಕೇಳಿ, “ನೀನಾ? ಆ ಶಾಣ್ಯಾ ನೀನಾ?” ಎಂದಷ್ಟೇ ಹೇಳಿ ಕಲ್ಲನ್ನು ಅಂಗಳಕ್ಕೆ ತರಿಸಿದಳು. ಆಮೇಲೆ ಹನ್ನೊಂದು ಮನೆ ನಡೆದೆವು. ಏಳು ಬಾಗಿಲು ತೆರೆದವು, ಮೂರು ತೆರೆಯಲಿಲ್ಲ. ಹೆಡ್ ಮಾಸ್ತರರ ಮನೆಯಲ್ಲಿ ಅವರಿರಲಿಲ್ಲ, ದೇವರು ದೊಡ್ಡವನು.

ಕೊನೆಯದು ಪೋಸ್ಟ್ ಮಾಸ್ತರರ ಮನೆ. ಅವರ ಹೆಂಡತಿ ನನ್ನ ಮಾತನ್ನು ಕೊನೆಯವರೆಗೂ ಕೇಳಿದರು.

“ಅಂದ್ರ ಆಕಿ ಏನೂ ಕದ್ದಿಲ್ಲ?”

“ಇಲ್ರೀ.”

“ಭಿಕ್ಷಾನೂ ಬೇಡಂಗಿಲ್ಲ?”

“ಇಲ್ರೀ.”

“ಎರಡೂ ಸುಳ್ಳು ಬರದಾವ್ರು ನೀವು?”

“ಹೌದ್ರೀ.”

“ಹಂಗಾದ್ರ ಆಕಿ ಒಳಗ ಬರ್ಲಿ. ನೀವು ಹೊರಗ ಕುಂದರ್ರಿ.”

ನಾನು ಕಟ್ಟೆಯ ಮೇಲೆ ಕುಳಿತೆ. ಒಳಗಿನಿಂದ ಉಳಿಯ ಸದ್ದು ಕೇಳಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಓಣಿಯಲ್ಲಿ ಹೋಗುತ್ತಿದ್ದ ಇಬ್ಬರು, “ಯಾಕ್ರೀ ಮಾಸ್ತರ, ಹೊರಗ ಕುಂತೀರಿ?” ಎಂದು ಕೇಳಿದರು. ಇಬ್ಬರಿಗೂ ಕಾರಣ ಹೇಳಿದೆ.