ಕಿವಿ ಮೇಸ್ತ್ರಿಯ ನಾಲ್ಕನೇ ಸದ್ದು

ಹೊಲಿಗೆ ಮಿಷನ್ ರಿಪೇರಿ ಮಾಡುವ ಆ ಮನುಷ್ಯನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಅದನ್ನು ಬಳಸುತ್ತಿದ್ದವರು ಬ್ಯಾಂಕಿನವರು ಮಾತ್ರ. ಬೀದಿಗೆಲ್ಲ ಅವರು ಕಿವಿ ಮೇಸ್ತ್ರಿ. ಈ ಬಿರುದು ಪುಕ್ಕಟೆ ಬಂದದ್ದಲ್ಲ. ವಯಸ್ಸಿನಲ್ಲಿದ್ದಾಗ ಒಮ್ಮೆ ಯಾರದೋ ಮನೆ ಮುಂದೆ ಹಾದು ಹೋಗುತ್ತಿದ್ದವರು ಗಕ್ಕನೆ ನಿಂತು, ಕಿಟಕಿಯೊಳಗೆ ಮುಖ ಹಾಕಿ, "ಅಮ್ಮಾ, ಹೊಲಿಯೋದು ನಿಲ್ಸಿ, ಇನ್ನು ನಾಲ್ಕು ಮೊಳ ಹೊಲಿದ್ರೆ ಸೂಜಿ ಮುರಿಯುತ್ತೆ" ಎಂದರಂತೆ. ಯಾರಪ್ಪಾ ಇವನು ಎಂದು ಆ ಹೆಂಗಸು ಗದರಿ ಹೊಲಿಗೆ ಮುಂದುವರಿಸಿದರು. ಮೇಸ್ತ್ರಿ ಬೀದಿಯ ತಿರುವು ದಾಟುವಷ್ಟರಲ್ಲಿ ಸೂಜಿ ಎರಡು ತುಂಡು. ಮಾರನೇ ದಿನ ಮಿಷನ್ ಹೊತ್ತುಕೊಂಡು ಬಂದವರು ಅದೇ ಹೆಂಗಸು. ಆ ಹೆಸರು ಇಟ್ಟವರೂ ಅವರೇ.

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಗೋಡೆ ಉದ್ದಕ್ಕೂ ಒಂದು ಹಲಗೆ, ಅದರ ಮೇಲೆ ಹೊಟ್ಟೆ ತೋರಿಸಿಕೊಂಡು ಬಿದ್ದಿರುವ ನಾಲ್ಕೈದು ಮಿಷನ್‌ಗಳು, ಎಣ್ಣೆ ಡಬ್ಬಿ, ಸ್ಕ್ರೂಗಳ ಡ್ರಾಯರು, ಮಸಿ ಹಿಡಿದ ಚಿಂದಿ ಬಟ್ಟೆ. ಒಳಕೋಣೆಯ ಕಿಟಕಿ ಪಕ್ಕದಲ್ಲಿ ಹೆಂಡತಿಯ ಮಿಷನ್. ಆಕೆ ಪರದೆ, ದಿಂಬಿನ ಚೀಲ ಹೊಲಿದುಕೊಡುತ್ತಿದ್ದರು. ರಿಪೇರಿಯಾದ ಮಿಷನ್ ಮನೆ ಬಿಡುವ ಮುಂಚೆ ಒಂದು ಬಟ್ಟೆ ಚೂರು ಹಿಡಿದುಕೊಂಡು ಹೊರಗೆ ಬಂದು, ಅದರ ಮೇಲೆ ಒಂದು ಗೇಣು ಹೊಲಿದು ನೋಡುವುದು ಆಕೆಯ ಪದ್ಧತಿ. "ದಾರ ಹೇಗೆ ಓಡುತ್ತೆ ನೋಡ್ಬೇಕು" ಎನ್ನುವರು. ಈ ಪದ್ಧತಿ ಶುರುವಾಗಿ ಎರಡೇ ವರ್ಷ. ನನ್ನ ಕೆಲಸದ ಮೇಲೆ ಇವಳಿಗೆ ಈಗ ಅನುಮಾನ ಹುಟ್ಟಿತಲ್ಲ ಎಂದು ಮೇಸ್ತ್ರಿ ಗೊಣಗಿದ್ದೂ ಉಂಟು.

ಆದರೆ ಆ ಎರಡು ವರ್ಷಗಳಲ್ಲಿ ಮೇಸ್ತ್ರಿ ಹೊಟ್ಟೆಯಲ್ಲಿ ಒಂದು ಗುಟ್ಟು ಇಟ್ಟುಕೊಂಡಿದ್ದರು. ಒಂದು ಬೆಳಿಗ್ಗೆ ಗೋಡೆ ಗಡಿಯಾರ ನಿಂತಿದೆ ಎಂದುಕೊಂಡು ಸೆಲ್ ತರಲು ಎದ್ದವರು, ಮುಳ್ಳು ಓಡುತ್ತಿರುವುದನ್ನು ಕಂಡು ಹಾಗೇ ಕುಳಿತುಬಿಟ್ಟರು. ಗಡಿಯಾರ ನಿಂತಿರಲಿಲ್ಲ. ಅದರ ಟಿಕ್ ಟಿಕ್ ಇವರ ಕಿವಿಗೆ ಬರುವುದು ನಿಂತಿತ್ತು. ಮಾತು ಕೇಳುತ್ತಿತ್ತು, ಬಸ್ಸಿನ ಹಾರ್ನ್ ಕೇಳುತ್ತಿತ್ತು, ಕೆಟ್ಟ ಬೆಲ್ಟಿನ ಪಟಪಟ ಕೇಳುತ್ತಿತ್ತು. ಸಣ್ಣ, ಚೂಪು ಸದ್ದು ಮಾತ್ರ ಇಲ್ಲ. ಕಿವಿಯ ಹೆಸರಲ್ಲೇ ಅನ್ನ ತಿಂದವನು ಇದನ್ನು ಯಾರ ಹತ್ತಿರ ಬಾಯಿಬಿಡುವುದು? ಅಂದಿನಿಂದ ಮಿಷನ್ನಿನ ಮೈ ಮೇಲೆ ಬೆರಳಿಟ್ಟು ನಡುಕ ನೋಡುವುದು, ಚಕ್ರ ಕೈಯಲ್ಲಿ ತಿರುಗಿಸಿ ಭೂತಗನ್ನಡಿಯಲ್ಲಿ ಸೂಜಿ ನೋಡುವುದು, ಹೀಗೆ ಹೇಗೋ ಸಂಭಾಳಿಸುತ್ತಿದ್ದರು.

ಹೀಗಿರುವಾಗ ಹೊಲಿಗೆ ತರಗತಿಯ ಟೀಚರ್ ಬಂದರು. ಅವರ ಹತ್ತಿರ ಇಪ್ಪತ್ತು ಜನ ಹೆಂಗಸರು ಕಲಿಯುತ್ತಿದ್ದರು.

"ಮೇಸ್ತ್ರಿ, ಇವರಿಗೆ ಮಿಷನ್ ಕೆಟ್ಟಿದ್ದೇ ಗೊತ್ತಾಗಲ್ಲ. ಸೂಜಿ ಮುರಿದ ಮೇಲೆ ಅಯ್ಯೋ ಅಂತಾರೆ. ನೀವು ಸದ್ದು ಕೇಳಿಸೋ ನಾಲ್ಕು ವಿಡಿಯೋ ಮಾಡ್ಕೊಡಿ. ಚೆನ್ನಾಗಿರೋದು, ಎಣ್ಣೆ ಇಲ್ದಿರೋದು, ಬೆಲ್ಟ್ ಸಡಿಲ ಆಗಿರೋದು, ಸೂಜಿ ಶಟಲ್‌ಗೆ ತಾಗೋದು. ನೀವಲ್ದೆ ಇನ್ಯಾರು ಮಾಡ್ತಾರೆ?"

ಕೊನೆಯ ಆ ಮಾತೊಂದು ಇರದಿದ್ದರೆ ಮೇಸ್ತ್ರಿ ಏನಾದರೂ ನೆಪ ಹೇಳಿ ಜಾರಿಕೊಳ್ಳುತ್ತಿದ್ದರು. ಹೊಗಳಿಸಿಕೊಂಡವರಿಗೆ ಬೇಡ ಎನ್ನುವುದು ಬಲು ಕಷ್ಟ. "ಅದಕ್ಕೇನಂತೆ, ಮಾಡೋಣ" ಎಂದುಬಿಟ್ಟರು. ಆಡಿದ ಮರುಗಳಿಗೆ ನೆನಪಾಯಿತು. ನಾಲ್ಕನೆಯದೇ ಅವರಿಗೆ ಕೇಳದ ಸದ್ದು. ಶಟಲ್ ಅಂದರೆ ಮಿಷನ್ನಿನ ಕೆಳಹೊಟ್ಟೆಯಲ್ಲಿ ಓಡಾಡುವ, ಕೊಕ್ಕೆಯಿರುವ ಉಕ್ಕಿನ ತುಂಡು. ಕೆಳಗಿಳಿದ ಸೂಜಿಯ ದಾರವನ್ನು ಹಿಡಿಯುವುದು ಅದರ ಕೆಲಸ. ಅದು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೂ ಸೂಜಿಗೆ ತಾಗಿ ಟಿಕ್ ಎನ್ನುತ್ತದೆ. ಗಡಿಯಾರಕ್ಕಿಂತ ಸಣ್ಣ ಟಿಕ್.

ಮೊದಲು ಮಾಡಿದ ವಿಡಿಯೋಗಳನ್ನು ಟೀಚರ್ ತಿರುಗಿ ಕಳಿಸಿದರು. ಅದರಲ್ಲಿ ಮಿಷನ್ನಿಗಿಂತ ಬೀದಿಯೇ ಹೆಚ್ಚು ಕೇಳುತ್ತಿತ್ತಂತೆ. ಮೇಸ್ತ್ರಿ ಫೋನ್ ಹಿಡಿದು ಎರಡು ಅಂಗಡಿ ಆಚೆಗಿನ ಝೆರಾಕ್ಸ್ ಅಂಗಡಿಗೆ ಹೋದರು. ಅದನ್ನು ನಡೆಸುತ್ತಿದ್ದ ಹೆಂಗಸು ಬೀದಿಯವರಿಗೆಲ್ಲ ಝೆರಾಕ್ಸ್ ಮೇಡಂ. ಅರ್ಜಿ ತುಂಬುವುದರಿಂದ ಹಿಡಿದು ಮದುಮಕ್ಕಳ ಫೋಟೋಗೆ ಹಾಡು ಸೇರಿಸುವವರೆಗೆ ಆಕೆಗೆ ಬಾರದ ಕೆಲಸವಿರಲಿಲ್ಲ.

"ಚಿತ್ರ ಬೇರೆ ತಗೊಳ್ಳಿ, ಸದ್ದು ಬೇರೆ ತಗೊಳ್ಳಿ. ಇಲ್ಲಿ ಎರಡನ್ನೂ ಸೇರಿಸಿದ್ರಾಯ್ತು" ಎಂದರು ಮೇಡಂ.

"ಬೇರೆ ಬೇರೆ ತಗೊಂಡಿದ್ದನ್ನ ಸೇರಿಸೋಕೆ ಆಗುತ್ತಾ?"

"ರವಿಕೆಗೆ ತೋಳು ಬೇರೆ ಮೈ ಬೇರೆ ಕತ್ತರಿಸಿದ್ದನ್ನ ಟೈಲರ್ ಸೇರಿಸಲ್ವಾ, ಹಾಗೇ."

ಮೇಸ್ತ್ರಿಗೆ ಇದು ಒಪ್ಪಿಗೆಯಾಯಿತು. ಮನೆಗೆ ಬಂದು, ಮಧ್ಯಾಹ್ನ ಬೀದಿ ತೂಕಡಿಸುವ ಹೊತ್ತಿನಲ್ಲಿ ಬಾಗಿಲು ಹಾಕಿ, ಫೋನನ್ನು ಮಿಷನ್ನಿನ ಹೊಟ್ಟೆಯ ಹತ್ತಿರ ಚಿಂದಿ ಬಟ್ಟೆಯ ಮೇಲೆ ಮಲಗಿಸಿ ನಾಲ್ಕು ಸದ್ದುಗಳನ್ನು ಹಿಡಿದರು. ಚೆನ್ನಾಗಿರುವ ಮಿಷನ್ ಎಂದು ಹೆಂಡತಿಯದನ್ನೇ ಆರಿಸಿದರು. ನಾಲ್ಕನೆಯದಕ್ಕೆ ಅದೇ ಕಂಪನಿಯ ಇನ್ನೊಂದು ಮಿಷನ್ ತೆಗೆದುಕೊಂಡು, ಭೂತಗನ್ನಡಿ ಹಿಡಿದು ಶಟಲ್ಲನ್ನು ಕೂದಲೆಳೆಯಷ್ಟು ಸರಿಸಿದರು. ತಾಗುವುದು ಕಣ್ಣಿಗೆ ಕಂಡಿತು, ಬೆರಳಿಗೆ ತಿಳಿಯಿತು. ಕಿವಿಗೆ ಮಾತ್ರ ಏನೂ ಇಲ್ಲ.

ಮಾರನೇ ದಿನ ಮೇಡಂ ಕಂಪ್ಯೂಟರಿನಲ್ಲಿ ಒಂದು ವೆಬ್‌ಸೈಟ್ ತೆರೆದು, ಕುರ್ಚಿಯನ್ನು ಮೇಸ್ತ್ರಿಗೆ ಬಿಟ್ಟುಕೊಟ್ಟರು. ಬಿಟ್ಟಿ ವೆಬ್‌ಸೈಟ್. ಯಾವುದನ್ನೂ ಇಳಿಸಿಕೊಳ್ಳಬೇಕಿಲ್ಲ, ಅಲ್ಲೇ ಕೆಲಸ ಮಾಡಿ ಅಲ್ಲಿಂದಲೇ ತೆಗೆದುಕೊಂಡು ಹೋಗಬಹುದು. ಮೊದಲು ವಿಡಿಯೋ ಏರಿಸಬೇಕು. ಅದರ ಹಳೇ ಸದ್ದನ್ನು ಮುಚ್ಚಬೇಕು. ಆಮೇಲೆ ಹೊಸ ಸದ್ದನ್ನು ಏರಿಸಿ, ಎಳೆದು ತಂದು ವಿಡಿಯೋದ ಕೆಳಗೆ ಇಡಬೇಕು. ಮೂಲೆಯಲ್ಲಿ ವೆಬ್‌ಸೈಟಿನ ಹೆಸರು ಅಂಟಿಕೊಂಡಿದ್ದನ್ನು ಕಂಡು ಮೇಸ್ತ್ರಿ ಹುಬ್ಬೇರಿಸಿದರು.

"ಇದನ್ನ ಕೀಳೋಕಾಗಲ್ವಾ?"

"ಬಿಟ್ಟಿ ಅಂದ್ಮೇಲೆ ಅವರ ಮುದ್ರೆ ಇರುತ್ತೆ ಮೇಸ್ತ್ರಿ. ಸುಮ್ನೆ ಬಿಡಿ."

ಆದರೆ ಮೇಸ್ತ್ರಿಯ ಕಣ್ಣು ಆಗಲೇ ಬೇರೆ ಕಡೆಗೆ ಹೋಗಿತ್ತು. ವಿಡಿಯೋದ ಕೆಳಗೆ ಇಟ್ಟ ಸದ್ದು ಒಂದು ಪಟ್ಟಿಯಾಗಿ ಬಿದ್ದುಕೊಂಡಿತ್ತು. ಅದರ ತುಂಬ ಏರುತಗ್ಗಿನ ಗೆರೆ.

"ಇದೇನಮ್ಮಾ?"

"ಅದೇ ನಿಮ್ಮ ಸದ್ದು. ಜೋರಿದ್ದ ಕಡೆ ಎತ್ತರ, ಸಣ್ಣ ಇದ್ದ ಕಡೆ ಗಿಡ್ಡ."

ಸದ್ದಿಗೆ ಆಕಾರವಿದೆ ಎಂದು ನಲವತ್ತು ವರ್ಷ ಸದ್ದಿನ ಜೊತೆಗೇ ಬಾಳಿದ ಮನುಷ್ಯನಿಗೆ ಗೊತ್ತಿರಲಿಲ್ಲ. ಮಗು ಹೊಸ ಆಟಿಕೆ ನೋಡುವಂತೆ ನೋಡಿದರು. ಬೆಲ್ಟ್ ಸಡಿಲವಾದ ಸದ್ದಿನಲ್ಲಿ ಗೆರೆ ದಪ್ಪ ದಪ್ಪ ಗುಡ್ಡೆ. ಎಣ್ಣೆಯಿಲ್ಲದ್ದರಲ್ಲಿ ಬೇಲಿಯ ಹಾಗೆ ಒತ್ತೊತ್ತು. ಸೂಜಿ ಇಳಿದ ಜಾಗಕ್ಕೆ ಗುಡ್ಡೆ ಸರಿಯಾಗಿ ಬರುವವರೆಗೆ ಪಟ್ಟಿಯನ್ನು ಹಿಂದೆ ಮುಂದೆ ಎಳೆದು, ಚಿಟಿಕೆಯಷ್ಟು ಕತ್ತರಿಸಿ, ಮತ್ತೆ ಎಳೆದು, ಮೂರು ಮಧ್ಯಾಹ್ನ ಅಲ್ಲೇ ಬೇರು ಬಿಟ್ಟರು. "ಮೇಸ್ತ್ರಿ, ನನ್ನ ಗಿರಾಕಿಗಳಿಗೂ ಕುರ್ಚಿ ಉಳಿಸಿ" ಎಂದು ಮೇಡಂ ಕಾಲೆಳೆದರೂ ಏಳಲಿಲ್ಲ.

ಎಡವಿದ್ದು ಕೊನೆಗೆ. ಫೋನು ಸದ್ದುಗಳಿಗೆ ಬರೀ ನಂಬರು ಕೊಟ್ಟಿತ್ತು. ಎರಡು ಸದ್ದುಗಳನ್ನು ಅವರು ಹೆಡ್‌ಫೋನಿನಲ್ಲಿ ಕೇಳಿಯೇ ಗುರುತು ಹಿಡಿದರು. ಉಳಿದ ಎರಡು, ಚೆನ್ನಾಗಿರುವುದೂ ಸೂಜಿ ತಾಗುವುದೂ, ಅವರಿಗೆ ಒಂದೇ ತಾಯಿಯ ಅವಳಿ ಮಕ್ಕಳು. ಮೇಡಂನ ಕೇಳಬಹುದಿತ್ತು. ಕೇಳಿದರೆ ಗುಟ್ಟು ರಟ್ಟು. ಚೆನ್ನಾಗಿರುವುದನ್ನು ಮೊದಲು ಏರಿಸಿದ್ದೆ, ಮೊದಲು ಏರಿಸಿದ್ದು ಮೇಲೆ ಇರುತ್ತದೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ, ಮೇಲಿನದನ್ನು ಹೆಂಡತಿಯ ಮಿಷನ್ನಿಗೆ ಕೂರಿಸಿದರು. ಆ ವೆಬ್‌ಸೈಟಿನಲ್ಲಿ ಕೊನೆಗೆ ಏರಿಸಿದ್ದು ಮೇಲೆ ಬರುತ್ತಿತ್ತು. ಸೂಜಿ ಮತ್ತು ಸದ್ದು ಒಂದು ಎಳೆಯೂ ಆಚೀಚೆ ಆಗದಂತೆ ಕೂರಿಸಿದ್ದರು ಅನ್ನಿ, ಅಷ್ಟು ಅಂದವಾದ ತಪ್ಪು.

ಸಂಜೆ ಟೀಚರಿಗೆ ಕಳಿಸುವ ಮುಂಚೆ ಹೆಂಡತಿಗೆ ತೋರಿಸುವ ಆಸೆಯಾಯಿತು. ಆಕೆ ಪರದೆ ಪಕ್ಕಕ್ಕಿಟ್ಟು, ಫೋನನ್ನು ಕೈಗೆ ತೆಗೆದುಕೊಂಡರು. ಮೊದಲನೆಯ ವಿಡಿಯೋ ಪೂರ್ತಿ ನೋಡಿ, ಇನ್ನೊಮ್ಮೆ ಹಾಕಿಸಿದರು.

"ಇದು ನನ್ನ ಮಿಷನ್ ಅಲ್ಲ ರೀ."

"ನಿಂದೇ ಕಣೇ. ಬಟ್ಟೆ ನೋಡು, ನೀನು ಹೊಲಿದಿದ್ದ ಪರದೆನೇ."

"ಚಿತ್ರ ನಂದೇ. ಸದ್ದು ನಂದಲ್ಲ. ಟಿಕ್ ಟಿಕ್ ಅಂತಿದೆ, ಸೂಜಿ ತಾಗ್ತಿದೆ."

"ಅದು ಫೋನಿನ ದೋಷ ಇರ್ಬೇಕು" ಎಂದರು ಮೇಸ್ತ್ರಿ. ಹೇಳಿದ ದನಿ ಅವರಿಗೇ ಸಪ್ಪೆಯೆನಿಸಿತು.

ಹೆಂಡತಿ ಫೋನನ್ನು ಮಡಿಲಲ್ಲಿಟ್ಟುಕೊಂಡರು. "ನಂಗೆ ಗೊತ್ತು ರೀ" ಎಂದರು.

"ಏನು ಗೊತ್ತು?"

"ನಿಮಗೆ ಅದು ಕೇಳಿಸಲ್ಲ ಅಂತ. ಎರಡು ವರ್ಷ ಆಯ್ತು. ಎದುರು ಮನೆಯವರ ಮಿಷನ್ ಸರಿಹೋಯ್ತು ಅಂತ ಒರೆಸಿ ಇಟ್ಟಿದ್ರಲ್ಲ, ಅದು ಟಿಕ್ ಅಂತಿತ್ತು. ನೀವು ಅದರ ಪಕ್ಕದಲ್ಲೇ ನಿಂತು ಬಂದು ತಗೊಂಡು ಹೋಗಿ ಅಂತ ಅವರಿಗೆ ಫೋನ್ ಮಾಡ್ತಿದ್ರಿ."

ಮೇಸ್ತ್ರಿಗೆ ಎಲ್ಲ ಒಂದೊಂದಾಗಿ ನೆನಪಾಯಿತು. ಆಕೆ ಬಟ್ಟೆ ಚೂರು ಹಿಡಿದು ಬರುತ್ತಿದ್ದುದು. ಒಂದು ಗೇಣು ಹೊಲಿದು, "ದಾರ ಯಾಕೋ ಸರಿ ಓಡ್ತಿಲ್ಲ, ಶಟಲ್ ಹತ್ರ ಇನ್ನೊಮ್ಮೆ ನೋಡ್ರಿ" ಎನ್ನುತ್ತಿದ್ದುದು. ಹಾಗೆಂದಾಗಲೆಲ್ಲ ಇವರು ಗೊಣಗುತ್ತ ಬಿಚ್ಚಿ ನೋಡಿದರೆ ಶಟಲ್ ಸರಿದಿರುತ್ತಿದ್ದುದು. ದಾರಕ್ಕೆ ಯಾವತ್ತೂ ಏನೂ ಆಗಿರಲಿಲ್ಲ.

ಮೊದಲು ಬಂದದ್ದು ಸಿಟ್ಟು. "ಬಾಯಿಬಿಟ್ಟು ಹೇಳೋದಕ್ಕೇನಾಗಿತ್ತು? ನನ್ನ ಪೆದ್ದನ್ನ ಮಾಡಿ ಕೂರಿಸಿದ್ಯಲ್ಲ!"

"ಹೇಳಿದ್ರೆ ನೀವು ಅಂಗಡಿ ಮುಚ್ಚಿ ಮೂಲೆ ಹಿಡೀತಿದ್ರಿ. ನಿಮ್ಮನ್ನ ನಾನು ಕಾಣೆನಾ?"

ಅದು ನಿಜವಾಗಿತ್ತು. ಮೇಸ್ತ್ರಿ ಎದ್ದು ಹೋಗಿ ಸ್ಕ್ರೂ ಡ್ರಾಯರನ್ನು ಸುಮ್ಮನೆ ಎಳೆದು ಮುಚ್ಚಿದರು. ನಾಚಿಕೆಯೂ ಆಯಿತು, ಎರಡು ವರ್ಷದ ಭಾರ ಇಳಿದಂತೆಯೂ ಆಯಿತು. ಆಮೇಲೆ ಅಲ್ಲಿಂದಲೇ ಕೇಳಿದರು:

"ಆ ಟಿಕ್ ಅನ್ನೋದು ಸೂಜಿ ಇಳಿಯೋವಾಗ ಬರ್ತಿದೆಯೋ ಏಳೋವಾಗ ಬರ್ತಿದೆಯೋ?"

"ಏಳೋಕೆ ಶುರು ಮಾಡೋವಾಗ."

"ಹಾಗಾದ್ರೆ ಗೆರೇಲಿ ಅದು ಇರ್ಲೇಬೇಕಲ್ಲ!" ಎಂದರು ಮೇಸ್ತ್ರಿ. ದನಿಯಲ್ಲಿ ದುಃಖ ಹೋಗಿ ಕುತೂಹಲ ಬಂದಿತ್ತು. ಆ ಮನುಷ್ಯನ ಗುಣವೇ ಅದು.

ಮಾರನೇ ಬೆಳಿಗ್ಗೆ ಝೆರಾಕ್ಸ್ ಅಂಗಡಿಯ ಬಾಗಿಲು ತೆಗೆಯುವ ಮುಂಚೆಯೇ ಗಂಡ ಹೆಂಡತಿ ಮೆಟ್ಟಿಲ ಮೇಲೆ ನಿಂತಿದ್ದರು. ಮೇಸ್ತ್ರಿ ಮೇಡಂಗೆ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಮೇಡಂ ಕಾಲೆಳೆಯಲಿಲ್ಲ. ಸುಮ್ಮನೆ ಇನ್ನೊಂದು ಕುರ್ಚಿ ಎಳೆದು ಹಾಕಿ, ಎರಡು ಸದ್ದುಗಳನ್ನೂ ಒಂದರ ಕೆಳಗೊಂದು ಇಟ್ಟು ದೊಡ್ಡದು ಮಾಡಿದರು.

"ನೀನು ಕೇಳು. ಟಿಕ್ ಅಂದಾಗೆಲ್ಲ ಬೆರಳೆತ್ತು" ಎಂದರು ಮೇಸ್ತ್ರಿ.

ಹೆಂಡತಿ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದರು. ಕಂಪ್ಯೂಟರಿನ ಪರದೆಯ ಮೇಲೆ ಒಂದು ಕಡ್ಡಿಯಂಥ ಗೆರೆ ಎಡದಿಂದ ಬಲಕ್ಕೆ ಸರಿಯತೊಡಗಿತು. ಮೊದಲ ಸದ್ದು ಮುಗಿಯಿತು, ಆಕೆಯ ಬೆರಳು ಏಳಲೇ ಇಲ್ಲ. ಎರಡನೆಯದು ಶುರುವಾಯಿತು. ಬೆರಳು ಎದ್ದಿತು, ಇಳಿಯಿತು, ಮತ್ತೆ ಎದ್ದಿತು. ಮೇಸ್ತ್ರಿ ಮೂಗು ಪರದೆಗೆ ತಾಗುವಷ್ಟು ಬಾಗಿದರು. ಬೆರಳು ಎದ್ದಾಗಲೆಲ್ಲ ಆ ಕಡ್ಡಿ ಒಂದು ಸಣ್ಣ ಮುಳ್ಳನ್ನು ದಾಟುತ್ತಿತ್ತು. ಎರಡು ಗುಡ್ಡೆಗಳ ನಡುವೆ ಒಂದು ಮುಳ್ಳು, ಪ್ರತಿ ಹೊಲಿಗೆಗೂ ಒಂದು. ಮೂರು ದಿನ ನೋಡಿಯೂ ಅವರು ಅದನ್ನು ಕೊಳೆಯೆಂದು ತಿಳಿದಿದ್ದರು.

"ಸಿಕ್ತು! ಇಲ್ಲಿದೆ ನೋಡೇ, ಇಲ್ಲಿದೆ!" ಎಂದು ಕೂಗಿದ ಸದ್ದಿಗೆ ಝೆರಾಕ್ಸ್ ಮಾಡಿಸಲು ಬಂದವರೊಬ್ಬರು ಬೆಚ್ಚಿಬಿದ್ದರು. ಹೆಂಡತಿಗೆ ಏನೂ ಕೇಳಲಿಲ್ಲ, ಆಕೆಯ ಕಿವಿಯಲ್ಲಿ ಹೆಡ್‌ಫೋನಿತ್ತು. ಕಣ್ಣು ಮುಚ್ಚಿಕೊಂಡೇ ಬೆರಳೆತ್ತುತ್ತಿದ್ದರು.

ಮೇಸ್ತ್ರಿ ಎರಡು ಸದ್ದುಗಳನ್ನು ಅದಲು ಬದಲು ಮಾಡಿ ಸರಿಯಾದ ಜಾಗಕ್ಕೆ ಕೂರಿಸಿದರು. ಕೆಲಸ ಅಲ್ಲಿಗೆ ಮುಗಿಯಬಹುದಿತ್ತು. ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಆದರೆ ಅವರು ಕುರ್ಚಿಯಿಂದ ಏಳದೆ ಗಲ್ಲ ಕೆರೆದುಕೊಳ್ಳುತ್ತ ಕುಳಿತರು. ಆಮೇಲೆ ಮೇಡಂನ ಕೇಳಿದರು, "ಮಾತು ಕೂಡ ಇದಕ್ಕೇ ಸೇರಿಸ್ಬಹುದಾ?"

ಮುಂದಿನ ವಾರ ಟೀಚರ್ ಆ ವಿಡಿಯೋಗಳನ್ನು ತರಗತಿಯಲ್ಲಿ ಹಾಕಿದರು. ಮೂರು ಸದ್ದುಗಳನ್ನು ಇಪ್ಪತ್ತು ಹೆಂಗಸರೂ ಹೂಂಗುಟ್ಟುತ್ತ ಕೇಳಿದರು. ಹೊಸದಾಗಿ ತೆಗೆದ ನಾಲ್ಕನೆಯದರಲ್ಲಿ ಸೂಜಿಯ ಪಕ್ಕದಲ್ಲಿ ಒಂದು ಬೆರಳು ಕಾಣುತ್ತಿತ್ತು. ಮೇಸ್ತ್ರಿಯ ದನಿ ಬಂತು: "ಈ ನಾಲ್ಕನೇ ಸದ್ದು ನನಗೆ ಈಗ ಕೇಳಿಸಲ್ಲ. ನನ್ನ ಹೆಂಡತಿಗೆ ಕೇಳಿಸುತ್ತೆ. ಅವಳು ಬೆರಳೆತ್ತಿದಾಗ ಗಮನ ಇಟ್ಟು ಕೇಳಿ. ಇದು ಕೇಳಿದ ತಕ್ಷಣ ಹೊಲಿಯೋದು ನಿಲ್ಸಿ." ಕೇಳಿ ಮುಗಿದದ್ದೇ ಹೆಂಗಸರೆಲ್ಲ, ಇನ್ನೊಮ್ಮೆ ಹಾಕಿ ಎಂದರಂತೆ.

ಗಿರಾಕಿಗಳು ಬಿಟ್ಟುಹೋಗುತ್ತಾರೆ ಎಂದು ಮೇಸ್ತ್ರಿ ಎದೆ ಗಟ್ಟಿ ಮಾಡಿಕೊಂಡಿದ್ದರು. ಎರಡು ದಿನ ಯಾರೂ ಬರಲಿಲ್ಲ. ಮೂರನೇ ದಿನ, ಹಿಂದೊಮ್ಮೆ ಆ ಕಿಟಕಿಯ ಮನೆಯಲ್ಲಿ ಅವರನ್ನು ಗದರಿದ್ದ, ಈಗ ಅಜ್ಜಿಯಾಗಿರುವ ಹೆಂಗಸು ತಮ್ಮ ಮಿಷನ್ ಹೊರಿಸಿಕೊಂಡು ಬಂದರು. ಕಿವಿಯ ಮಾತನ್ನೇ ಎತ್ತಲಿಲ್ಲ. "ಯಾವಾಗ ಕೊಡ್ತೀರಾ?" ಎಂದಷ್ಟೇ ಕೇಳಿದರು.

ಮೇಸ್ತ್ರಿ ಬಿಚ್ಚಿದರು, ಒರೆಸಿದರು, ಎಣ್ಣೆ ಬಿಟ್ಟರು, ಭೂತಗನ್ನಡಿಯಲ್ಲಿ ನೋಡಿದರು. ಆಮೇಲೆ ಒಳಗೆ ತಿರುಗಿ, "ಏ, ಸ್ವಲ್ಪ ಬಂದು ಕೇಳೇ" ಎಂದು ಕೂಗಿದರು. ಆಕೆ ಬಂದರು. ಈ ಸಲ ಕೈಯಲ್ಲಿ ನೆಪಕ್ಕೆ ಬಟ್ಟೆ ಚೂರು ಇರಲಿಲ್ಲ.